ಪುಟ್ಟ ಪಾದ, ದೊಡ್ಡ ಬೆಟ್ಟ

ಹೆಣ್ಣಿನ ಪಾದ ಪುಟ್ಟದಾಗಿರಬೇಕೆಂದು ಬಯಸಿದವರು ಕವಿಗಳು. ಅದನ್ನು ತಾವರೆಗೆ ಹೋಲಿಸಿದರು, ಮಾವಿನ ಚಿಗುರಿಗೆ ಹೋಲಿಸಿದರು. ಆ ಚಿಗುರು ಬೆಟ್ಟ ಹತ್ತಲು ಹೊರಟರೆ ಅದಕ್ಕೊಪ್ಪುವ ಬೂಟು ಎಲ್ಲಿ ದೊರೆತೀತೆಂದು ಮಾತ್ರ ಯಾವ ಕವಿಯೂ ಯೋಚಿಸಿದಂತಿಲ್ಲ.

ಅಮೋಘಸಿದ್ಧನ ಅರಕೇರಿಯಲ್ಲಿ ಒಬ್ಬ ಶಿಕ್ಷಕಿ ಇದ್ದಾರೆ. ಯುಗಾದಿಗೆ ಮುನ್ನ ವಿಜಯಪುರದ ಸೀಮೆಯಿಂದ ಸಹಸ್ರಾರು ಜನ ಶ್ರೀಶೈಲಕ್ಕೆ ನಡೆದೇ ಹೋಗುವುದುಂಟು. ತಾಯಿ ಹೊತ್ತ ಹರಕೆಯನ್ನು ಮಗಳು ತೀರಿಸಬೇಕಾಗಿತ್ತು. ಎರೆಭೂಮಿಯ ದಾರಿಗೆ ಚಪ್ಪಲಿ ಸಾಕು. ನಲ್ಲಮಲೆಯ ಕಾಡಿನ ಕಲ್ಲುದಾರಿಗೆ ಗಟ್ಟಿ ಬೂಟು ಬೇಕೆಂದು ಬಲ್ಲವರು ಹೇಳಿದರು.

ಅವರ ಕಾಲಿನ ಅಳತೆ ಎರಡು. ಪೇಟೆಯ ಅಂಗಡಿಯಲ್ಲಿದ್ದ ಹೆಂಗಸರ ಬೂಟು ಆರಂಭವಾಗುವುದೇ ನಾಲ್ಕರಿಂದ. “ಅಕ್ಕಾರ, ಎರಡು ಜೋಡಿ ಕಾಲ್ಚೀಲ ಹಾಕ್ಕೋರಿ, ಬರೋಬರಿ ಆಗ್ತೈತಿ” ಎಂದ ಅಂಗಡಿಯವ. ಇಂಗ್ಲಿಷ್ ಅಳತೆಯಲ್ಲಿ ಒಂದೊಂದು ಅಂಕಿಗೂ ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಅಂಗುಲದ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಎರಡು ಕಾಳಿನ ಅಂತರವನ್ನು ಕಾಲ್ಚೀಲ ತುಂಬೀತೆ? ಏರುವಾಗ ಹಿಮ್ಮಡಿ ಮೇಲೆದ್ದು ಬೊಬ್ಬೆ ಬಂದಿತು. ಭೀಮನ ಕೊಳ್ಳಕ್ಕೆ ಇಳಿಯುವಾಗ ಪಾದ ಮುಂದೆ ಜಾರಿ ಉಗುರು ಕಪ್ಪಾಯಿತು. ಹರಕೆ ಅರ್ಧದಲ್ಲಿ ನಿಂತಿತು. ಅವರು ಬಸ್ಸು ಹತ್ತಿ ಮರಳಿದರು. “ನನ್ನ ಕಾಲೇ ಸರಿಯಿಲ್ಲ” ಎಂದು ತಾಯಿಗೆ ಹೇಳಿದರಂತೆ.

ಸರಿಯಿಲ್ಲದ್ದು ಕಾಲೆ? ಹೆಣ್ಣಿನ ಪಾದ ಗಂಡಿನ ಪಾದದ ಕಿರಿಯ ಪ್ರತಿಯಲ್ಲ. ಹಿಮ್ಮಡಿ, ಮೀಂಗಾಲು, ಬೆರಳುಗಳ ಆಕಾರವೇ ಬೇರೆ. ಗಂಡಸರ ಅಚ್ಚನ್ನು ಕುಗ್ಗಿಸಿ ಹೊಲಿದ ಬೂಟು ಉದ್ದಕ್ಕೆ ಒಪ್ಪಿದರೂ ಹಿಮ್ಮಡಿಗೆ ಒಪ್ಪದಿರಬಹುದು. ಮಕ್ಕಳ ಬೂಟು ಉದ್ದಕ್ಕೆ ಸರಿಹೋದೀತು. ಆದರೆ ಅದರ ಅಟ್ಟೆ ಮಗುವಿನ ಭಾರಕ್ಕೆಂದು ಮಾಡಿದ್ದು. ನಮ್ಮ ನಾಡಿನ ಅಂಗಡಿಗಳಲ್ಲಿ ರೂಢಿಯಾದ ಅಳತೆಯೂ ಆಂಗ್ಲರು ಬಿಟ್ಟುಹೋದದ್ದೇ. 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ತಜ್ಞರು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದಗಳನ್ನು ಅಳೆಸಿದರು. ನಮ್ಮವರ ಪಾದ ಪಾಶ್ಚಾತ್ಯರದಕ್ಕಿಂತ ಅಗಲವೆಂದೂ ಹೆಣ್ಣುಮಕ್ಕಳ ಪಾದದ ಬೆಳವಣಿಗೆ ಹನ್ನೊಂದರ ಸುಮಾರಿಗೇ ತುದಿ ಮುಟ್ಟುವುದೆಂದೂ ತಿಳಿದುಬಂದಿತು. ಅದರಿಂದ ರೂಪುಗೊಂಡ ಸ್ವದೇಶಿ ಅಳತೆಗೆ ‘ಭಾ’ ಎಂದು ಹೆಸರಿಟ್ಟರು.

ಅಂಗಡಿಗೆ ಹೋಗುವ ಸೋದರಿಯರು ಇಷ್ಟು ನೆನಪಿಡಬೇಕು. ನಡೆದ ಪಾದ ಸಂಜೆಗೆ ಊದುತ್ತದೆ. ಅಳತೆಯನ್ನು ಸಂಜೆಯೇ ಕೊಡುವುದು ಮೇಲು. ಎರಡೂ ಪಾದಗಳನ್ನು ಕಾಗದದ ಮೇಲೆ ನಿಂತು ಗೀಚಿಸಿ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಬೇಕು. ದಪ್ಪ ಕಾಲ್ಚೀಲ ತೊಟ್ಟು, ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಟ್ಟು ನೋಡಬೇಕು: ಬೆರಳು ಮುಂದಕ್ಕೆ ತಗುಲಬಾರದು, ಹಿಮ್ಮಡಿ ಏಳಬಾರದು. ತಕ್ಕ ಅಳತೆ ಇಲ್ಲವೆಂದರೆ ತರಿಸಿಕೊಡಿರೆಂದು ಕೇಳಲು ಸಂಕೋಚವೇಕೆ? ಕೇಳುವವರಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ತರಿಸಲಾರ.

ಕೆರ ಚಿಕ್ಕದಾಯಿತೆಂದು ಕಾಲು ಕೊಯ್ದುಕೊಂಡವರ ಮಾತು ಲೋಕದಲ್ಲಿ ಉಂಟು. ಕೆರ ದೊಡ್ಡದಾಯಿತೆಂದು ಕಾಲು ಬೆಳೆಸಿಕೊಂಡವರನ್ನು ಮಾತ್ರ ಇದುವರೆಗೆ ಯಾರೂ ಕಂಡಿಲ್ಲ.