ಯಳಂದೂರಿನ ಗ್ರಂಧಿಗೆ ಅಂಗಡಿ

ಯಳಂದೂರಿಗೆ ಹೊರಟೆ ಅಂದದ್ದೇ ತಡ, ನಮ್ಮ ಓರಗಿತ್ತಿ, "ಕೊಳ್ಳೇಗಾಲದ ಪಕ್ಕದೂರಲ್ವೇ ಅಕ್ಕಾ? ಯಾರಿಗೆ ಮಾಟ ಮಾಡಿಸೋಕೆ?" ಎಂದು ನಕ್ಕಳು. ನೀವೂ ಹಾಗೇ ನಗುತ್ತಿದ್ದಿರೇನೋ. ಪಾಪ, ಕೊಳ್ಳೇಗಾಲ ರೇಷ್ಮೆಯ ಊರು. ಆದರೆ ಸೀರೆಗಿಂತ ಮಾಟದ ಸುದ್ದಿಯೇ ಹೆಚ್ಚು ದೂರ ಹೋಗಿದೆ.

ಯಳಂದೂರಿನಲ್ಲಿ ಇಳಿದರೆ ಗೌರೀಶ್ವರ ದೇವಸ್ಥಾನದ ಬಳೆ ಮಂಟಪ ನೋಡದೆ ಬರಬೇಡಿ. ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿಯಿಂದ ಅದಕ್ಕೆ ಆ ಹೆಸರು. ಮಾಟ ಅಂದರೆ ಇದಪ್ಪ, ಅನ್ನಿಸಿತು ನನಗೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದುಕೊಂಡೇ 'ಹದಿಬದೆಯ ಧರ್ಮ' ಬರೆದ ಸಂಚಿಯ ಹೊನ್ನಮ್ಮನ ಊರೂ ಇದೇ.

ಮಗಳ ಬಾಣಂತನಕ್ಕೆ ಬಜೆ, ಹಿಪ್ಪಲಿ, ಅಳಲೆಕಾಯಿ ಬೇಕಾಗಿತ್ತು. ಪೇಟೆಯಲ್ಲಿ ಒಂದು ಗ್ರಂಧಿಗೆ ಅಂಗಡಿ ಹೊಕ್ಕೆ. ಶೆಟ್ಟರು ವಯಸ್ಸಾದವರು. ಬಜೆ ತೂಗುತ್ತಿದ್ದಾಗ ಒಬ್ಬ ಹೆಂಗಸು ಚೀಟಿ ಹಿಡಿದು ಬಂದಳು. ತಾಮ್ರದ ತಗಡು, ಕರಿದಾರ, ಕರ್ಪೂರ, ಕುಂಕುಮ. ಶೆಟ್ಟರು ಎಲ್ಲವನ್ನೂ ತೆಗೆದಿಟ್ಟು, "ಯಾರವ್ವ ಬರೆದುಕೊಟ್ಟದ್ದು?" ಎಂದರು.

"ಯಾರೋ ಸ್ವಾಮಿಗಳು ಬಂದವ್ರೆ. ಮಗೀಗೆ ಮೂರ್ಛೆ ಬತ್ತದೆ. ನಿಂಬೆಹಣ್ಣು ಕುಯ್ದರೆ ರಕ್ತ ಬಂತು ಕಣಪ್ಪ. ತಡೆ ಕಟ್ಟೋಕೆ 5,000 ರೂಪಾಯಂತೆ. ಓಲೆ ಅಡ ಮಡಗಬೇಕು."

ಶೆಟ್ಟರು ದೇವರ ಪಟದ ಮೇಲಿನ ದಾಸವಾಳ ಕಿತ್ತು ಚಾಕುವಿಗೆ ಚೆನ್ನಾಗಿ ಉಜ್ಜಿದರು. ಫ್ಯಾನಿನ ಕೆಳಗೆ ಹಿಡಿದು ಒಣಗಿಸಿ, ಒಂದು ನಿಂಬೆಹಣ್ಣು ಕುಯ್ದರು. ಕೆಂಪಗೆ ತೊಟ್ಟಿಕ್ಕಿತು! ನಾನೇ ಬೆಚ್ಚಿದೆ ಅಂದಮೇಲೆ ಆಕೆಯ ಪಾಡೇನು? ಹೂವು ಉಜ್ಜಿದ್ದನ್ನು ನೋಡಿಯೂ, "ನೀವೇ ತೆಗೀರಿ ಸ್ವಾಮಿ!" ಎಂದು ಕೈ ಮುಗಿದುಬಿಟ್ಟಳು.

"ಅಯ್ಯೋ, ಇದೇ ಆಗೋದು ನೋಡಿ" ಎಂದು ಶೆಟ್ಟರು ನನ್ನತ್ತ ತಿರುಗಿದರು. ಅಪ್ಪನ ಕಾಲದಿಂದ ಇದೇ ವ್ಯಾಪಾರ. ಮದುವೆಗೂ ಇಲ್ಲಿಂದಲೇ ಅರಿಶಿನ, ಮಾಟಕ್ಕೂ ಇಲ್ಲಿಂದಲೇ ಅರಿಶಿನ. ಮಗಳನ್ನು ನೋಡಲು ಬಂದವರೊಬ್ಬರು "ಮಾಟದಂಗಡಿಯವರ ಮನೆ ಹೆಣ್ಣು ಬೇಡ" ಎಂದು ಎದ್ದು ಹೋಗಿದ್ದರಂತೆ. "ತಗಡು ಮಾರೋದನ್ನ ಬಿಡಬಹುದು ಅಮ್ಮ. ಬಿಟ್ಟರೆ ಇನ್ನೊಂದು ಅಂಗಡಿಗೆ ಹೋಗ್ತಾರೆ. ಅಲ್ಲಿ ಯಾರು ಬರೆದುಕೊಟ್ಟರು ಅಂತ ಕೇಳೋರೂ ಇರೋಲ್ಲ." ಹೌದೋ ಅಲ್ಲವೋ, ನೀವೇ ಯೋಚಿಸಿ. ನನಗಂತೂ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ.

ಮಾಟಮಂತ್ರದ ಹಾವಳಿಗೆ ನಮ್ಮ ರಾಜ್ಯದಲ್ಲಿ 2017ರ ಕಾಯಿದೆಯೂ ಇದೆ. ಆದರೆ ಆಕೆಗೆ ಆಗ ಬೇಕಾಗಿದ್ದದ್ದು ಕಾಯಿದೆಯೇ?

ನಾನು ಹತ್ತಿರ ಹೋಗಿ ಹೇಳಿದೆ: "ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪಾರತಿ ಮಾಡ್ತೀವಲ್ಲವ್ವ, ಇದೂ ಹಾಗೇ. ಅಲ್ಲಿ ಸುಣ್ಣ ಸೇರಿದರೆ ಕೆಂಪು, ಇಲ್ಲಿ ದಾಸವಾಳದ ರಸಕ್ಕೆ ಹುಳಿ ಸೇರಿದರೆ ಕೆಂಪು." ಶೆಟ್ಟರು ಚಾಕು ತೊಳೆದು, ಹೂವಿನ ಜೊತೆ ಆಕೆಯ ಕೈಗೇ ಕೊಟ್ಟರು. ಉಜ್ಜಿದಳು, ಒಣಗಿಸಿದಳು, ಕುಯ್ದಳು. ಕೆಂಪಾದ ತನ್ನ ಬೆರಳನ್ನೇ ನೋಡುತ್ತಾ ಬಹಳ ಹೊತ್ತು ನಿಂತಳು. ಆಮೇಲೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ, "ಹುಳಿ" ಎಂದಳು.

"ಮೂರ್ಛೆಗೆ ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಕೊಡ್ತಾರೆ. ದಿನಾ ತಪ್ಪದೆ ನುಂಗಿಸಬೇಕು. ಮೊದಲು ಅಲ್ಲಿಗೆ ಹೋಗವ್ವ" ಎಂದರು ಶೆಟ್ಟರು.

ಆಕೆ ತಗಡನ್ನು ಹಿಂದಕ್ಕೆ ತಳ್ಳಿದಳು. ಕರಿದಾರ ಮಾತ್ರ "ಇರ್ಲಿ" ಎಂದು ಸೆರಗಿಗೆ ಕಟ್ಟಿಕೊಂಡು, ಆಸ್ಪತ್ರೆ ಯಾವ ಕಡೆ ಎಂದು ಕೇಳಿ ಹೊರಟಳು. ಕಿವಿಯಲ್ಲಿ ಓಲೆ ಇತ್ತು.

ಶೆಟ್ಟರು ಮತ್ತೆ ತಕ್ಕಡಿ ಎತ್ತಿದರು. "ಬಜೆ ಎಷ್ಟು ಅಂದಿರಿ, ಅಮ್ಮ?"