ಶಾಲು ಹೊದಿಸಿದ ಮೇಲೆ

ಕಳೆದ ರಾಜ್ಯೋತ್ಸವದಲ್ಲಿ ನಾವು ನಮ್ಮ ಸಂಘದ ಅಧ್ಯಕ್ಷೆಗೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ‘ವರ್ಷದ ಸಂಘಟಕಿ’ ಅಂತ ಬರೆಸಿದ್ದ ಫಲಕ ಕೈಗಿಟ್ಟೆವು. ಪಿಎಚ್‌ಡಿ ಮಾಡುತ್ತಿರುವ ಅವರನ್ನು ನಾವೆಲ್ಲ ಕರೆಯೋದು ‘ಅಕ್ಕ’ ಅಂತಲೇ. ಬರ್ಮಿಂಗ್‌ಹ್ಯಾಮ್‌ಗೆ ಬಂದಿಳಿದ ಮೊದಲ ವಾರ ನಮಗೆ ಮನೆ ಹುಡುಕಿಕೊಟ್ಟವರು, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ ತೋರಿಸಿದವರು ಅವರೇ. ಮೂರು ತಿಂಗಳೂ ಆಗಿರಲಿಲ್ಲ, ಅದೇ ಅಕ್ಕನನ್ನು ನಾವೇ ಅಧ್ಯಕ್ಷ ಸ್ಥಾನದಿಂದ ಇಳಿಸಿದೆವು.

ಆಗಿದ್ದಿಷ್ಟು. ನಮ್ಮ ಸಂಕ್ರಾಂತಿ ಕಾರ್ಯಕ್ರಮದ ದಿನ ಹಿಮ ಬಿತ್ತು, ರೈಲುಗಳು ರದ್ದಾದವು, ಲೀಡ್ಸ್, ಮ್ಯಾಂಚೆಸ್ಟರ್‌ನಿಂದ ಬರಬೇಕಿದ್ದ ಗೆಳೆಯರು ಬರಲಿಲ್ಲ. ಹಾಲ್‌ಗೆ ಕಟ್ಟಿದ ಹಣ ವಾಪಸ್ ಬರಲಿಲ್ಲ, ಸಂಘದ ಖಾತೆ ಬರಿದಾಯ್ತು. ವಾಟ್ಸಾಪ್‌ನಲ್ಲಿ ಶುರುವಾದ ಗೊಣಗಾಟ ಒಂದು ಸಂಜೆ ಜೂಮ್ ಮೀಟಿಂಗಿನಲ್ಲಿ ತೀರ್ಮಾನವಾಗಿ ಮುಗಿಯಿತು. ಅಕ್ಕ ಒಂದು ಮಾತೂ ಆಡದೆ ಲೆಕ್ಕದ ಪುಸ್ತಕ ಕಳಿಸಿಕೊಟ್ಟರು.

ನಮ್ಮ ಮನೆ ಮಾಲೀಕರು ಲೆಸ್ಟರ್‌ನವರು, ಫುಟ್‌ಬಾಲ್ ಅಂದ್ರೆ ಪ್ರಾಣ. ಬಾಯ್ಲರ್ ನೋಡೋಕೆ ಬಂದಾಗ ಈ ಕಥೆ ಹೇಳಿದೆವು. ‘ಹಾಗಾದ್ರೆ ನಮ್ಮ ರಾನಿಯೇರಿಗೆ ಮಾಡಿದ್ದನ್ನೇ ನೀವೂ ಮಾಡಿದ್ರಿ’ ಅಂದರು.

2015ರಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆಲ್ಲುತ್ತೆ ಅಂತ ಬಾಜಿ ಕಟ್ಟಿದರೆ ಒಂದಕ್ಕೆ 5000 ಸಿಗುತ್ತಿತ್ತು. 2016ರ ಮೇನಲ್ಲಿ ಕ್ಲಾಡಿಯೊ ರಾನಿಯೇರಿಯ ತಂಡ ಗೆದ್ದೇಬಿಟ್ಟಿತು. ಪ್ರೀಮಿಯರ್ ಲೀಗ್‌ನ ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಅವರಿಗೇ, ಲೀಗ್ ಮ್ಯಾನೇಜರ್ಸ್ ಅಸೋಸಿಯೇಷನ್‌ನ ಪ್ರಶಸ್ತಿಯೂ ಅವರಿಗೇ. ಎರಡನೆಯದರ ತೂಕವೇ ಬೇರೆ. 1993ರಿಂದ ನಡೆದುಬಂದ ಆ ಪ್ರಶಸ್ತಿಗೆ ಮತ ಹಾಕುವವರು ಆ ಕೆಲಸದ ಕಷ್ಟ ಉಂಡ ಮ್ಯಾನೇಜರ್‌ಗಳೇ. 2017ರ ಜನವರಿಯಲ್ಲಿ ಫಿಫಾ ಕೂಡ ಅವರನ್ನು ಶ್ರೇಷ್ಠ ಕೋಚ್ ಅಂತ ಗೌರವಿಸಿತು. ಫೆಬ್ರವರಿ 23ಕ್ಕೆ ಕ್ಲಬ್ ಅವರನ್ನು ಮನೆಗೆ ಕಳಿಸಿತು! ತಂಡ ಸೋಲುತ್ತಿದ್ದದ್ದು ನಿಜ. ಆದರೆ ಸೋಲುತ್ತಿದ್ದವರೂ ಬಹುತೇಕ ಗೆದ್ದಿದ್ದ ಆಟಗಾರರೇ. ಮರುದಿನ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಜೋಸೆ ಮೊರಿನ್ಯೊ, ರಾನಿಯೇರಿ ಹೆಸರಿನ ಮೊದಲಕ್ಷರಗಳಿದ್ದ ಅಂಗಿ ತೊಟ್ಟು ಪತ್ರಿಕಾಗೋಷ್ಠಿಗೆ ಬಂದರು. 2015ರಲ್ಲಿ ಚೆಲ್ಸಿಗೆ ಲೀಗ್ ಗೆದ್ದುಕೊಟ್ಟು, ಅದೇ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡಿದ್ದ ಅವರಿಗೆ ಆ ನೋವು ಗೊತ್ತಿತ್ತು.

ಅವತ್ತು ರಾತ್ರಿ ಲೆಕ್ಕದ ಪುಸ್ತಕ ತೆರೆದೆವು. ಹಾಲ್ ಮುಂಗಡ ವಾಪಸ್ ಬರೋದಿಲ್ಲ ಅಂತ ಗೊತ್ತಿದ್ದೂ ‘ಆಗಲಿ’ ಅಂದವರ ಪಟ್ಟಿ ಅದರಲ್ಲಿತ್ತು. ನಮ್ಮೆಲ್ಲರ ಹೆಸರೂ ಇತ್ತು. ಗೆದ್ದಾಗ ಒಬ್ಬರಿಗೇ ಶಾಲು ಹೊದಿಸುವವರು, ಸೋತಾಗ ಒಬ್ಬರನ್ನೇ ಹೊಣೆ ಮಾಡೋದೂ ಸುಲಭ ಅಂತ ಆಗ ಅನ್ನಿಸಿತು.

ಹಾಗಾದರೆ ಸನ್ಮಾನವೇ ಬೇಡವಾ? ಈ ಚರ್ಚೆಯಲ್ಲಿ ನಮಗೆ ನೆನಪಾದದ್ದು ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕೋಚ್ ದ್ರಾವಿಡ್‌ಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಅಂತ ಬಿಸಿಸಿಐ ಘೋಷಿಸಿತು. ಎಲ್ಲರಿಗೂ ಸಮನಾಗಿ ಕೊಡಿ ಅಂತ ದ್ರಾವಿಡ್ ಕೇಳಿದರು. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು.

ಈ ಸಲದ ರಾಜ್ಯೋತ್ಸವದಲ್ಲಿ ನಮ್ಮ ಫಲಕದ ಮೇಲೆ ಕುರ್ಚಿ ಜೋಡಿಸಿದವರಿಂದ ಹಿಡಿದು ಪಾತ್ರೆ ತೊಳೆದವರವರೆಗೆ ಎಲ್ಲರ ಹೆಸರೂ ಇರುತ್ತದೆ. ಅದನ್ನು ಹೇಳಿ, ಕ್ಷಮೆ ಕೇಳೋಣ ಅಂತ ಅಕ್ಕನ ಮನೆಗೆ ಹೋದೆವು. ಬಾಗಿಲು ತೆಗೆದ ಅಕ್ಕ ಅದೇ ಶಾಲು ಹೊದ್ದಿದ್ದರು.

‘ಮೊದ್ಲು ಒಳಗೆ ಬನ್ರೋ, ಚಳಿ. ಮುಂದಿನ ಸಂಕ್ರಾಂತಿಗೆ ಹಾಲ್ ಯಾರು ನೋಡ್ತೀರಾ?’

ನಾವೆಲ್ಲ ಒಟ್ಟಿಗೇ ಕೈ ಎತ್ತಿದೆವು.