ಪಿಯಾನೋ ಮೇಲೊಂದು ವ್ಯಾನಿಟಿ ಬ್ಯಾಗು

ಅರೀಥಾ ಫ್ರಾಂಕ್ಲಿನ್ ಹಾಡಲು ಬರುವಾಗ ತನ್ನ ವ್ಯಾನಿಟಿ ಬ್ಯಾಗನ್ನೂ ಜೊತೆಗೆ ತರುತ್ತಿದ್ದಳು. ಗ್ರೀನ್ ರೂಮಿನಲ್ಲಿ ಬಿಟ್ಟು ಬರುತ್ತಿರಲಿಲ್ಲ. ಪಿಯಾನೋ ಮೇಲೆ, ಕಣ್ಣಳತೆಯಲ್ಲೇ ಇಟ್ಟುಕೊಂಡು ಹಾಡುತ್ತಿದ್ದಳು. ಹೆಸರಾಂತ ಗಾಯಕಿಯ ವಿಚಿತ್ರ ಅಭ್ಯಾಸಗಳಲ್ಲಿ ಇದೂ ಒಂದು ಎಂದೇ ನಾನು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಓದಿ ತಿಳಿದದ್ದು: ಸಂಭಾವನೆಯನ್ನು ಹಾಡುವ ಮೊದಲೇ, ನಗದಾಗಿ ಎಣಿಸಿ ಕೊಡಬೇಕು ಎಂಬುದು ಅವಳ ಕರಾರು. ಆ ನೋಟುಗಳು ಬ್ಯಾಗಿನಲ್ಲಿರುತ್ತಿದ್ದವು.

ಅವಳು ಬೆಳೆದ ಕಾಲವನ್ನು ನೋಡಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಕಪ್ಪು ಗಾಯಕರನ್ನು ಊರೂರು ಹಾಡಿಸಿ, ಕೊನೆಗೆ ಲೆಕ್ಕ ಕೊಡದೆ ಕಳಿಸುತ್ತಿದ್ದ ಪ್ರವರ್ತಕರು ಆಗ ಬೇಕಾದಷ್ಟು ಜನ ಇದ್ದರು. ನನ್ನ ಸೋದರತ್ತೆ ಮದುವೆಮನೆಗಳಲ್ಲಿ ಹಸೆ ಹಾಡು ಹೇಳುತ್ತಿದ್ದಳು. ಎಲೆ ಅಡಿಕೆ, ಒಂದು ಕುಪ್ಪಸದ ಕಣ, ಇಷ್ಟೇ ಸಿಗುತ್ತಿದ್ದದ್ದು. 'ನಿನ್ನ ಕಂಠ ದೇವರು ಕೊಟ್ಟದ್ದು' ಎಂದು ಎಲ್ಲರೂ ಹೊಗಳುತ್ತಿದ್ದರು. ದೇವರು ಕೊಟ್ಟದ್ದಕ್ಕೆ ನಾವೇಕೆ ಕೊಡಬೇಕು ಎಂಬ ಲೆಕ್ಕಾಚಾರವೂ ಆ ಹೊಗಳಿಕೆಯೊಳಗೆ ಇತ್ತೇನೋ. ಅರೀಥಾಳ ಬ್ಯಾಗಿನ ವಿಷಯ ಓದಿದಾಗ ನನಗೆ ನಗು ಬರಲಿಲ್ಲ, ಅತ್ತೆ ನೆನಪಾದಳು.

ಅರೀಥಾ ಹುಟ್ಟಿದ್ದು 1942ರಲ್ಲಿ, ಮೆಂಫಿಸ್‌ನಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ತಂದೆ ಸಿ.ಎಲ್. ಫ್ರಾಂಕ್ಲಿನ್ ದೊಡ್ಡ ಹೆಸರಿನ ಪಾದ್ರಿ, ಅವನ ಪ್ರವಚನಗಳ ರೆಕಾರ್ಡುಗಳು ಹಾಡಿನ ರೆಕಾರ್ಡುಗಳಂತೆ ಮಾರಾಟವಾಗುತ್ತಿದ್ದವು. ತಾಯಿ ಬೇರೆ ಊರಿಗೆ ಹೋದಾಗ ಹುಡುಗಿಗೆ ಆರು ವರ್ಷ, ತೀರಿಕೊಂಡಾಗ ಹತ್ತೂ ತುಂಬಿರಲಿಲ್ಲ. ಹನ್ನೆರಡರಲ್ಲಿ ಅವಳೇ ತಾಯಿಯಾದಳು. ಈ ದಿನಗಳ ಬಗ್ಗೆ ಅವಳು ಬಾಯಿ ಬಿಟ್ಟದ್ದು ತೀರಾ ಕಡಿಮೆ. ಆತ್ಮಕಥೆಯಲ್ಲೂ ಬಹುಪಾಲು ಮುಚ್ಚಿಯೇ ಇಟ್ಟಳು. ವಿಮರ್ಶಕರಿಗೆ ಅದು ಕೊರತೆಯಾಗಿ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ಕಲಾವಿದರೆಲ್ಲ ತಮ್ಮ ಗಾಯ ಬಿಚ್ಚಿ ತೋರಿಸಲೇಬೇಕು ಎಂದು ಯಾರು ಹೇಳಿದ್ದು?

ಹದಿನೆಂಟನೆಯ ವಯಸ್ಸಿಗೆ ಕೊಲಂಬಿಯಾ ಕಂಪನಿ ಸೇರಿ, ಐದಾರು ವರ್ಷ ಜಾಝ್, ಸಿನಿಮಾ ಹಾಡು ಎಂದು ಎಲ್ಲವನ್ನೂ ಹಾಡಿದಳು. ದೊಡ್ಡ ಯಶಸ್ಸು ಬರಲಿಲ್ಲ. 1967ರಲ್ಲಿ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ಅವಳನ್ನು ಅಲಬಾಮಾದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನ ಸ್ಟುಡಿಯೋಗೆ ಕರೆದೊಯ್ದು ಪಿಯಾನೋ ಮುಂದೆ ಕೂರಿಸಿದ. ಸುತ್ತ ನುಡಿಸುತ್ತಿದ್ದವರು ಬಿಳಿಯ ಹುಡುಗರು. ಒಂದೇ ದಿನ, ಒಂದು ಹಾಡು ಮುಗಿಯಿತು. ರಾತ್ರಿ ಅವಳ ಗಂಡನಿಗೂ ಸ್ಟುಡಿಯೋದವರಿಗೂ ಕುಡಿದ ಜಗಳವಾಗಿ ಎಲ್ಲ ನಿಂತುಹೋಯಿತು. ಕೆಲವು ವಾರಗಳಲ್ಲಿ ಅದೇ ಹುಡುಗರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಫೆಬ್ರವರಿ 14ರಂದು ಅಲ್ಲಿ ಧ್ವನಿಮುದ್ರಿಸಿದ ಹಾಡು 'ರೆಸ್ಪೆಕ್ಟ್'.

ಅದನ್ನು ಬರೆದು 1965ರಲ್ಲಿ ಮೊದಲು ಹಾಡಿದವನು ಓಟಿಸ್ ರೆಡಿಂಗ್. ಅವನ ಹಾಡಿನಲ್ಲಿ ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುತ್ತಾನೆ. ಅರೀಥಾ ಅದನ್ನು ಮಗುಚಿ ಹಾಕಿದಳು, ಈಗ ಕೇಳುವವಳು ಹೆಂಗಸು. ಆ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಪ್ರಸಿದ್ಧ ಭಾಗ ಓಟಿಸ್‌ನಲ್ಲಿ ಇಲ್ಲ. ಹಿಂದಿನಿಂದ ದನಿಗೂಡಿಸುವವರಲ್ಲಿ ಅವಳ ತಂಗಿ ಕ್ಯಾರೊಲಿನ್ ಇದ್ದಾಳೆ, ಅಕ್ಕ ಅರ್ಮಾ ಇದ್ದಾಳೆ. 'ಗೌರವ' ಎಂಬುದು ಈ ಹಾಡಿಗೆ ತೀರಾ ಶಾಲು ಹೊದ್ದ ಪದ. ಬಸ್ಸಿನ ಜಗಳದಲ್ಲಿ ಕಂಡಕ್ಟರನಿಗೆ 'ಮರ್ಯಾದೆ ಕೊಟ್ಟು ಮಾತಾಡಿ' ಎಂದು ಹೆಂಗಸೊಬ್ಬಳು ಹೇಳುತ್ತಾಳಲ್ಲ, ಅದೇ ಸರಿ.

ಜೂನ್ ಹೊತ್ತಿಗೆ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಪ್ಪು ಜನರ ಹಕ್ಕಿನ ಹೋರಾಟ, ಹೆಂಗಸರ ಹೋರಾಟ, ಎರಡೂ ಅದನ್ನು ತಮ್ಮದಾಗಿಸಿಕೊಂಡವು. ಆದರೆ ಅಮೆರಿಕದ ಕಾನೂನಿನ ಪ್ರಕಾರ ರೇಡಿಯೋ ಸ್ಟೇಷನ್ನುಗಳು ಹಾಡು ಬರೆದವರಿಗೆ ಮತ್ತು ಪ್ರಕಾಶಕರಿಗೆ ರಾಯಲ್ಟಿ ಕೊಡುತ್ತವೆ, ಹಾಡಿದವರಿಗಲ್ಲ. ಹಾಗಾಗಿ ಆ ದೇಶದ ರೇಡಿಯೋಗಳಲ್ಲಿ ಅರೀಥಾಳ ದನಿ ಮೊಳಗಿದಾಗಲೆಲ್ಲ ಹಣ ಹೋದದ್ದು ಓಟಿಸ್‌ನ ಕಡೆಗೆ. ಓಟಿಸ್ ಅದೇ ವರ್ಷದ ಡಿಸೆಂಬರಿನಲ್ಲಿ ವಿಮಾನಾಪಘಾತದಲ್ಲಿ ಸತ್ತ, ಅವನ ಸಂಸಾರಕ್ಕೆ ಹಣ ಸೇರಿದ್ದರಲ್ಲಿ ತಪ್ಪೇನಿಲ್ಲ. ಆದರೂ ಮರ್ಯಾದೆ ಕೇಳಿದ ಹಾಡಿಗೇ ಹೀಗಾದದ್ದನ್ನು ನೆನೆದರೆ ಪಿಯಾನೋ ಮೇಲಿನ ಬ್ಯಾಗು ಬೇರೆಯಾಗಿಯೇ ಕಾಣುತ್ತದೆ.

ಜಿಪುಣಿ ಎನ್ನುವಂತೆಯೂ ಇಲ್ಲ. 1970ರಲ್ಲಿ ಏಂಜೆಲಾ ಡೇವಿಸ್ ಜೈಲು ಸೇರಿದಾಗ ಜಾಮೀನು ಹಣ ಕಟ್ಟಲು ತಾನು ಸಿದ್ಧ ಎಂದು ಬಹಿರಂಗವಾಗಿ ಹೇಳಿದಳು. ಕಪ್ಪು ಜನರಿಂದ ಬಂದ ದುಡ್ಡು, ಅವರಿಗೇ ಉಪಯೋಗವಾಗಲಿ ಎಂಬುದು ಅವಳ ಮಾತಿನ ತಾತ್ಪರ್ಯ.

ಅವಳದ್ದು ಒಂದೇ ಒಂದು ಕೇಳುತ್ತೇನೆ ಎನ್ನುವವರಿಗೆ ನಾನು ಹೇಳುವುದು 'ಅಮೇಝಿಂಗ್ ಗ್ರೇಸ್'. 1972ರ ಜನವರಿಯಲ್ಲಿ ಎರಡು ರಾತ್ರಿ, ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯ ಚರ್ಚಿನಲ್ಲಿ ಹಾಡಿದ್ದು. ಮೊದಲು ಸಿನಿಮಾ ಟಾಕೀಸಾಗಿದ್ದ ಕಟ್ಟಡ ಅದು. ಸಿಡ್ನಿ ಪೊಲಾಕ್ ಚಿತ್ರೀಕರಿಸಿದ, ಆದರೆ ಕ್ಲಾಪ್ ಬೋರ್ಡ್ ಬಳಸದೆ ಚಿತ್ರಕ್ಕೂ ಧ್ವನಿಗೂ ತಾಳೆಯಾಗದೆ ರೀಲುಗಳು ಮೂಲೆ ಸೇರಿದವು. ತಂತ್ರಜ್ಞಾನ ಬಂದು ಸರಿಪಡಿಸಿದ ಮೇಲೆ ಅರೀಥಾಳೇ ಕೋರ್ಟಿಗೆ ಹೋಗಿ ಬಿಡುಗಡೆ ತಡೆದಳು. ಅವಳು ತೀರಿಕೊಂಡ ಮೇಲೆ, 2018ರ ಕೊನೆಗೆ, ಜನ ಅದನ್ನು ನೋಡಿದರು.

ಇಡೀ ಚಿತ್ರದಲ್ಲಿ ಅವಳು ಮಾತಾಡುವುದೇ ಇಲ್ಲ ಎನ್ನಬೇಕು. ಮಾತೆಲ್ಲ ರೆವರೆಂಡ್ ಜೇಮ್ಸ್ ಕ್ಲೀವ್‌ಲ್ಯಾಂಡ್‌ನದು. ಶೀರ್ಷಿಕೆಯ ಹಾಡು ಬಂದಾಗ ಅವನೂ ಪಿಯಾನೋ ಬಿಟ್ಟು, ಮುಖ ಮುಚ್ಚಿಕೊಂಡು ಅಳುತ್ತಾನೆ. ಎರಡನೆಯ ರಾತ್ರಿ ತಂದೆ ಬರುತ್ತಾನೆ. ಮಗಳು ಪಿಯಾನೋ ನುಡಿಸಿಕೊಂಡು ಹಾಡುತ್ತಿರುವಾಗ ಎದ್ದು ಹೋಗಿ ಅವಳ ಮುಖದ ಬೆವರು ಒರೆಸುತ್ತಾನೆ. ಇಪ್ಪತ್ತೊಂಬತ್ತರ ಹೆಂಗಸು, ದೇಶಕ್ಕೇ ಗೊತ್ತಿರುವ ಗಾಯಕಿ, ಹಾಡು ನಿಲ್ಲಿಸದೆ ಚಿಕ್ಕ ಮಗುವಿನಂತೆ ಒರೆಸಿಸಿಕೊಳ್ಳುತ್ತಾಳೆ. ಅದು ಅಕ್ಕರೆಯೋ ಅಧಿಕಾರವೋ ಎಂದು ನನಗೆ ಪ್ರತಿ ಸಲವೂ ಬೇರೆ ಬೇರೆಯಾಗಿ ತೋರುತ್ತದೆ.

2018ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ಅವಳು ತೀರಿಕೊಂಡಾಗ ವಕೀಲರು ಬರೆದ ಉಯಿಲು ಇರಲಿಲ್ಲ. ಕೈಬರಹದ ಹಾಳೆಗಳು ಮನೆಯಲ್ಲೇ ಸಿಕ್ಕವು. ಒಂದು ನೋಟ್‌ಬುಕ್ಕು ಸೋಫಾದ ದಿಂಬಿನಡಿ ಇತ್ತು. ಗಂಡುಮಕ್ಕಳು ಕೋರ್ಟು ಹತ್ತಿದರು. 2023ರಲ್ಲಿ ಜ್ಯೂರಿ ಎತ್ತಿಹಿಡಿದದ್ದು ಸೋಫಾದೊಳಗೆ ಸಿಕ್ಕ, 2014ರ ಉಯಿಲನ್ನೇ. ಅದರ ಸಹಿಯಲ್ಲಿ ಹೆಸರಿನ ಮೊದಲ ಅಕ್ಷರದೊಳಗೆ ಅವಳು ಒಂದು ನಗುಮುಖ ಬರೆದಿದ್ದಳು.